ಅಂತಃಸಾಕ್ಷಿಯೂ ಅಂಕಪಟ್ಟಿಯೂ

ವಿದ್ಯೆಯ ಪರಮಪ್ರಯೋಜನವು ಶೀಲವೆಂಬ ವಿಷಯದಲ್ಲಿ ಯಾವ ದೇಶದ, ಯಾವ ಮತದ ಹಿರಿಯರಿಗೂ ಭಿನ್ನಾಭಿಪ್ರಾಯವಿಲ್ಲ. ಆ ಶೀಲವನ್ನು ಶಾಲೆಯು ಮಕ್ಕಳಲ್ಲಿ ಹೇಗೆ ನೆಲೆಗೊಳಿಸಬೇಕೆಂಬ ಮಾತು ಬಂದಾಗಲೇ ಭಿನ್ನಾಭಿಪ್ರಾಯವು ಹುಟ್ಟುವುದು. ಗಣಿತವನ್ನು ಕಲಿಸಿದ ಉಪಾಧ್ಯಾಯನು ಪರೀಕ್ಷೆಯನ್ನಿಟ್ಟು, ಕಲಿತವರಾರು ಕಲಿಯದವರಾರು ಎಂದು ನಿರ್ಣಯಿಸಬಲ್ಲನು. ಸತ್ಯವನ್ನು ಕಲಿಸಿದವನು ಯಾವ ಪರೀಕ್ಷೆಯನ್ನಿಡಬೇಕು? ದೈವಭಕ್ತಿಯನ್ನು ಕಲಿಸಿದವನು ಯಾವ ಅಳತೆಗೋಲನ್ನು ಹಿಡಿಯಬೇಕು? ಪ್ರಶ್ನೆಯು ಹಳೆಯದೇ. ಆದರೆ ಬಹುಮಂದಿ ಮಕ್ಕಳ ಕೈಗೆ ಮೊಬೈಲೆಂಬ ಯಂತ್ರವು ಬಂದಿರುವ ಈ ಕಾಲದಲ್ಲಿ ಅದು ಹೊಸ ತೀಕ್ಷ್ಣತೆಯನ್ನು ಪಡೆದಿದೆ. ಇಸ್ಲಾಂ ಮತದ ಸದ್ಗುಣಗಳನ್ನು ಶಾಲೆಯ ಪಾಠಕ್ರಮದೊಳಗೆ ಸೇರಿಸಿ ಮಕ್ಕಳ ಶೀಲವನ್ನು ತಿದ್ದಬೇಕೆಂದು ಬಹುಕಾಲದಿಂದ ಯತ್ನಿಸುತ್ತಿರುವ ಇಂಡೊನೇಷ್ಯ ದೇಶದಲ್ಲಿ ಅದರ ಎರಡು ಮುಖಗಳೂ ಸ್ಪಷ್ಟವಾಗಿ ಗೋಚರಿಸುತ್ತವೆ.

ಆ ದೇಶದ ಜನಸಂಖ್ಯೆಯು 2020ರ ಜನಗಣತಿಯಂತೆ ಸುಮಾರು 27 ಕೋಟಿ. ಅವರಲ್ಲಿ ನೂರಕ್ಕೆ ಸುಮಾರು 87 ಮಂದಿ ಮುಸಲ್ಮಾನರು. ಆದರೂ ರಾಜ್ಯವು ಒಂದೇ ಮತದ ರಾಜ್ಯವಲ್ಲ. ಇಸ್ಲಾಮಿನೊಡನೆ ಕ್ರೈಸ್ತರ ಎರಡು ಪಂಥಗಳನ್ನೂ ಹಿಂದೂ, ಬೌದ್ಧ, ಕನ್‌ಫ್ಯೂಷಿಯಸ್ ಮತಗಳನ್ನೂ ಅದು ಅಂಗೀಕರಿಸಿದೆ. 2003ರ ಶಿಕ್ಷಣಶಾಸನವು, ಪ್ರತಿಯೊಬ್ಬ ವಿದ್ಯಾರ್ಥಿಗೂ ಅವನವನ ಮತದ ಬೋಧನೆಯನ್ನು ಆ ಮತದ ಉಪಾಧ್ಯಾಯನಿಂದಲೇ ಪಡೆಯುವ ಹಕ್ಕುಂಟೆಂದು ವಿಧಿಸಿತು. 2013ರ ಪಾಠಕ್ರಮದಲ್ಲಿ ಮುಸಲ್ಮಾನ ಮಕ್ಕಳ ಮತಬೋಧನೆಯ ಹೆಸರಿಗೆ 'ಬುದಿ ಪೆಕೆರ್ತಿ' ಎಂಬ ಮಾತೂ ಸೇರಿತು. ಸನ್ನಡತೆಯೆಂದು ಅದರ ಅರ್ಥ. 'ಬುದಿ'ಯೆಂಬುದು 'ಬುದ್ಧಿ'ಯೇ ಎಂದು ಕನ್ನಡಿಗರ ಕಿವಿಗೆ ಹೇಳಿಕೊಡಬೇಕಾದುದಿಲ್ಲ. ಅಲ್ಲಿ ಮತಕ್ಕೆ 'ಆಗಮ'ವೆಂದೂ, ಕಲಿಸುವವನಿಗೆ 'ಗುರು'ವೆಂದೂ, ಕಲಿಯುವವನಿಗೆ 'ಸಿಸ್ವ'ನೆಂದೂ ಹೆಸರು. ಯವದ್ವೀಪದ ಮಸೀದಿಯ ನೆರಳಿನಲ್ಲಿ ಸಂಸ್ಕೃತದ ಮಾತುಗಳು ಇಂದಿಗೂ ಅರಬ್ಬಿಯ ಮಾತುಗಳೊಡನೆ ಒಂದೇ ಮನೆಯಲ್ಲಿ ವಾಸಿಸುತ್ತಿವೆ. ಬಳಿಕ 2017ರಲ್ಲಿ ಅಧ್ಯಕ್ಷರು ಹೊರಡಿಸಿದ ಶೀಲಶಿಕ್ಷಣದ ಆಜ್ಞೆಯು ದೈವನಿಷ್ಠೆ, ಪ್ರಾಮಾಣಿಕತೆ, ಸಹಿಷ್ಣುತೆ ಮೊದಲಾದ 18 ಗುಣಗಳನ್ನು ಎಣಿಸಿ, ಅವು ಶಾಲೆಯ ಎಲ್ಲ ಕಾರ್ಯಗಳಲ್ಲಿಯೂ ವ್ಯಾಪಿಸಬೇಕೆಂದಿತು.

ಇಲ್ಲಿಯವರೆಗೆ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಗುಣಗಳ ಪಟ್ಟಿಯನ್ನು ಯಾರು ಬೇಕಾದರೂ ಒಪ್ಪಬಹುದು. ವಿಚಾರ ಮಾಡಬೇಕಾದುದು, ಗುಣವೆಂದರೇನು ಎಂಬುದನ್ನು. ಅರಬ್ಬಿಯಲ್ಲಿ 'ಖಲ್ಕ್' ಎಂದರೆ ಹೊರಗಿನ ಆಕೃತಿ, 'ಖುಲುಕ್' ಎಂದರೆ ಒಳಗಿನ ಆಕೃತಿ. ಶೀಲವನ್ನು ಹೇಳುವ 'ಅಖ್ಲಾಕ್' ಎಂಬುದು ಈ ಎರಡನೆಯದರ ಬಹುವಚನ. 1111ರಲ್ಲಿ ತೀರಿಕೊಂಡ ಮಹಾಪಂಡಿತ ಅಲ್-ಘಜಾಲಿಯು ಇದನ್ನು ಹೀಗೆ ವಿವರಿಸಿರುವನು: ಒಂದು ಸಲ ದಾನಮಾಡಿದ ಮಾತ್ರಕ್ಕೆ ಒಬ್ಬನು ದಾನಶೀಲನಾಗಲಾರನು, ಯೋಚಿಸಿ ಕಷ್ಟಪಟ್ಟು ಮಾಡುವುದೂ ಶೀಲವಲ್ಲ, ಯಾವ ಸ್ಥಿರವಾದ ಮನೋಧರ್ಮದಿಂದ ಸತ್ಕರ್ಮವು ಆಯಾಸವಿಲ್ಲದೆ ತಾನಾಗಿ ಹೊರಹೊಮ್ಮುವುದೋ ಆ ಮನೋಧರ್ಮವೇ ಶೀಲ. ಇದರಿಂದ ಒಂದು ತೊಡಕು ಹುಟ್ಟುವುದು. ಶಾಲೆಗೆ ಕಾಣುವುದು ಕರ್ಮ, ಬೇಕಾದುದು ಮನೋಧರ್ಮ. ಕಾಣುವುದನ್ನು ಎಣಿಸಿ ಕಾಣದುದನ್ನು ಎಣಿಸಿದೆನೆಂದು ಭ್ರಮಿಸುವುದು ಸುಲಭ.

ಮೊಬೈಲಿನಿಂದ ಈ ತೊಡಕು ಇಮ್ಮಡಿಸಿತು. ಆ ಯಂತ್ರವು ಮಗುವನ್ನು ಏಕಕಾಲದಲ್ಲಿ ಎರಡು ವಿರುದ್ಧಸ್ಥಿತಿಗಳಿಗೆ ಒಯ್ಯುವುದು. ಹಿಂದೆ ಹಳ್ಳಿಯ ಹುಡುಗನು ಕೆಟ್ಟ ಮಾತನ್ನಾಡಿದರೆ ಕೇಳಿ ಗದರುವವರು ಬೀದಿಯಲ್ಲಿದ್ದರು. ಈಗ ಅವನು ತಾಯಿಯ ಪಕ್ಕದಲ್ಲಿ ಮೌನವಾಗಿ ಕುಳಿತೇ, ಕಾಣದ ಊರಿನ ಕಾಣದ ಮನುಷ್ಯನನ್ನು ನಿಂದಿಸಬಲ್ಲನು. ಯಾರ ಕಣ್ಣೂ ಅವನ ಮೇಲಿಲ್ಲ. ಇದು ಒಂದು ಸ್ಥಿತಿ. ಮತ್ತೊಂದು, ಅವನು ಉಂಡದ್ದು, ಉಟ್ಟದ್ದು, ಪ್ರಾರ್ಥಿಸಿದ್ದು, ಬಡವನಿಗೆ ಹಿಡಿಯಕ್ಕಿ ಕೊಟ್ಟದ್ದು ಎಲ್ಲವೂ ಚಿತ್ರವಾಗಿ ಲೋಕದ ಮುಂದೆ ನಿಲ್ಲುವುದು. ಮೆಚ್ಚಿದವರೆಷ್ಟು ಮಂದಿಯೆಂಬ ಲೆಕ್ಕವು ಕೂಡಲೇ ತಿರುಗಿ ಬರುವುದು. ಪಾಪಕ್ಕೆ ಸಾಕ್ಷಿಯೇ ಇಲ್ಲದ, ಪುಣ್ಯಕ್ಕೆ ಸಾಕ್ಷಿಗಳು ಮಿತಿಮೀರಿದ ಕಾಲ ಇದು.

ಇಸ್ಲಾಮಿನ ನೀತಿಶಾಸ್ತ್ರದಲ್ಲಿ ಈ ಎರಡು ಸ್ಥಿತಿಗಳಿಗೂ ಮೊದಲಿನಿಂದಲೇ ಉತ್ತರವುಂಟು. ಮೊದಲನೆಯದಕ್ಕೆ 'ಇಹ್ಸಾನ್' ಎಂಬ ಭಾವನೆ. ದೇವದೂತನಾದ ಜಿಬ್ರೀಲನು ಮನುಷ್ಯರೂಪದಿಂದ ಬಂದು ಪ್ರಶ್ನಿಸಿದಾಗ ಪ್ರವಾದಿಗಳು ಅದನ್ನು ವಿವರಿಸಿದರೆಂದು ಪ್ರಸಿದ್ಧವಾದ ಒಂದು ಹದೀಸು ಹೇಳುವುದು. ದೇವರನ್ನು ಎದುರಿಗೆ ಕಂಡವನಂತೆ ಆರಾಧಿಸಬೇಕು. ಅವನು ಕಾಣದಿದ್ದರೂ ಅವನು ತನ್ನನ್ನು ಕಾಣುತ್ತಿರುವನೆಂದು ತಿಳಿದಿರಬೇಕು ಎಂಬುದೇ ಅದರ ತಾತ್ಪರ್ಯ. ಎರಡನೆಯದಕ್ಕೆ 'ರಿಯಾ' ಎಂಬ ದೋಷದ ವಿಚಾರ. ಜನರು ನೋಡಲೆಂದು ಮಾಡುವ ಸತ್ಕರ್ಮವೇ ರಿಯಾ. ದೇವರಿಗೆ ಸಲ್ಲತಕ್ಕ ಆರಾಧನೆಯಲ್ಲಿ ಮನುಷ್ಯರ ಮೆಚ್ಚಿಕೆಗೂ ಪಾಲು ಕೊಟ್ಟಂತಾಗುವುದರಿಂದ ಅದನ್ನು ಕಿರಿಯ ಬಹುದೈವಾರಾಧನೆಯೆಂದೇ ಕರೆದಿರುವರು. ಉಪವಾಸವ್ರತಕ್ಕೆ ಆ ಮತದಲ್ಲಿ ಪ್ರತ್ಯೇಕವಾದ ಗೌರವವಿರುವುದಕ್ಕೂ ಇದೇ ಕಾರಣವೆಂದು ಪಂಡಿತರು ಹೇಳುವರು. ನಮಾಜನ್ನು ನಾಲ್ಕು ಜನರು ನೋಡಬಹುದು, ದಾನವನ್ನು ಪಡೆದವನಾದರೂ ನೋಡುವನು. ಉಪವಾಸವನ್ನು ನೋಡುವವರಾರು? ನಡುಹಗಲಿನಲ್ಲಿ ಅಂಗಶುದ್ಧಿಗಾಗಿ ಬಾಯೊಳಗೆ ನೀರನ್ನು ತೆಗೆದುಕೊಂಡ ಹುಡುಗನು ಒಂದು ಗುಟುಕನ್ನು ನುಂಗಿದನೋ ಉಗುಳಿದನೋ ಅವನಿಗೇ ಗೊತ್ತು, ಅವನ ದೇವರಿಗೆ ಗೊತ್ತು.

ಹೀಗಿರಲು, ಶಾಲೆಗಳು ಮಾಡುತ್ತ ಬಂದಿರುವುದೇನು? ಇಂಡೊನೇಷ್ಯದ ಬಹಳ ಶಾಲೆಗಳಲ್ಲಿ ರಂಜಾನ್ ತಿಂಗಳಿಗೆಂದು ಮಕ್ಕಳಿಗೆ ಒಂದು ದಿನಚರಿಯ ಪುಸ್ತಕವನ್ನು ಕೊಡುವ ಪದ್ಧತಿಯುಂಟು. ಇಂದು ಉಪವಾಸವಿದ್ದೆನು, ಇಷ್ಟು ಹೊತ್ತಿನ ನಮಾಜು ಮಾಡಿದೆನು, ಖುರ್‌ಆನಿನ ಇಷ್ಟು ಭಾಗವನ್ನು ಓದಿದೆನು ಎಂದು ಮಗುವು ಗುರುತು ಹಾಕಬೇಕು. ರಾತ್ರಿಯ ಪ್ರಾರ್ಥನೆ ಮುಗಿದ ಮೇಲೆ ಮಸೀದಿಯಲ್ಲಿ ಮಕ್ಕಳೆಲ್ಲರೂ ಇಮಾಮರ ಸುತ್ತ ಮುತ್ತಿಕೊಂಡು ಸಹಿ ಹಾಕಿಸಿಕೊಳ್ಳುವರು. ಕೆಲವು ಕಡೆಗಳಲ್ಲಿ ಆ ಪುಸ್ತಕದ ಸ್ಥಾನಕ್ಕೆ ಅಂತರ್ಜಾಲದ ಅರ್ಜಿಯು ಬಂದಿದೆ. ಇದಲ್ಲದೆ 2013ರ ಪಾಠಕ್ರಮವು 'ಆಧ್ಯಾತ್ಮಿಕ ಮನೋಭಾವ'ವನ್ನು ವಿದ್ಯಾರ್ಥಿಯ ಪ್ರಥಮ ಸಾಮರ್ಥ್ಯವೆಂದು ಎಣಿಸಿ, ಅದಕ್ಕೂ ಉತ್ತಮ, ಮಧ್ಯಮ ಎಂಬಂಥ ನಿರ್ಣಯವನ್ನು ಪ್ರಗತಿಪತ್ರದಲ್ಲಿ ಬರೆಯಬೇಕೆಂದು ವಿಧಿಸಿತ್ತು. 2022ರಿಂದ ಬೇರೊಂದು ಪಾಠಕ್ರಮವು ಬರತೊಡಗಿತು. ವಿಧಿಗಳು ಬದಲಾಗಬಹುದು, ಪ್ರಶ್ನೆಯು ಬದಲಾಗದು. ಯಾರೂ ನೋಡದಿದ್ದರೂ ಮಾಡುವುದೇ ಯಾವುದರ ಜೀವವೋ, ಅದನ್ನು ನೋಡಿ ಬರೆದು ಅಂಕವನ್ನು ಕೊಟ್ಟರೆ ಆ ಜೀವವು ಉಳಿಯುವುದೆ?

ಪೂರ್ವಪಕ್ಷದವರು ಸುಮ್ಮನಿರಲಾರರು, ಅವರ ಮಾತಿನಲ್ಲಿ ಬಲವೂ ಉಂಟು. ಅವರು ಹೇಳುವುದೇನೆಂದರೆ: ಮಗುವಿನಿಂದ ನಿಷ್ಕಾಮಕರ್ಮವನ್ನು ನಿರೀಕ್ಷಿಸುವುದು ಬೀಜದಿಂದ ನೆರಳನ್ನು ಬಯಸಿದಂತೆ. ಮೊದಲು ಅಭ್ಯಾಸ, ಆಮೇಲೆ ಭಾವ. ಮಕ್ಕಳಿಗೆ ಏಳನೆಯ ವಯಸ್ಸಿನಲ್ಲಿಯೇ ನಮಾಜನ್ನು ವಿಧಿಸಬೇಕೆಂದು ಪ್ರವಾದಿಗಳೇ ಹೇಳಿರುವರಲ್ಲವೆ? ಏಳು ವರ್ಷದ ಮಗುವಿಗೆ ಅದರ ಅರ್ಥವು ಹೇಗೆ ತಿಳಿದೀತು? ಘಜಾಲಿಯೂ ಮಗುವಿನ ಹೃದಯವನ್ನು ಇನ್ನೂ ಕೆತ್ತದ ರತ್ನಕ್ಕೆ ಹೋಲಿಸಿ, ಕೆತ್ತಿದ ರೂಪವನ್ನೇ ಅದು ತಾಳುವುದೆಂದು ಹೇಳಿರುವನು. ಅಷ್ಟೇ ಅಲ್ಲ, ಮಗುವು ಒಳ್ಳೆಯ ಕೆಲಸವನ್ನು ಮಾಡಿದಾಗ ಜನರ ಮುಂದೆ ಹೊಗಳಬೇಕೆಂದೂ ಬಹುಮಾನಿಸಬೇಕೆಂದೂ ಅವನೇ ವಿಧಿಸಿರುವನು. ಮನೆಯಲ್ಲಿ ತಾಯಿತಂದೆಗಳಿಬ್ಬರೂ ದುಡಿಮೆಗೆ ಹೋಗುವ ನಗರಗಳಲ್ಲಿ ಶಾಲೆಯೂ ಲೆಕ್ಕ ಕೇಳದಿದ್ದರೆ ಮಕ್ಕಳನ್ನು ವಿಚಾರಿಸುವವರಾರು?

ಈ ವಾದದಲ್ಲಿ ಅಭ್ಯಾಸದ ವಿಷಯವಾಗಿ ಹೇಳಿದುದೆಲ್ಲವೂ ಒಪ್ಪತಕ್ಕದ್ದೇ. ಅರ್ಥವು ತಿಳಿಯುವುದಕ್ಕೆ ಮುಂಚೆಯೇ ಬಾಯಿಪಾಠವಾದ ಶ್ಲೋಕವು ಮೂವತ್ತನೆಯ ವಯಸ್ಸಿನಲ್ಲಿ ಒಂದು ದಿನ ತಾನಾಗಿ ಅರ್ಥವನ್ನು ಬಿಟ್ಟುಕೊಡುವುದೆಂಬುದು ಪಾಠಶಾಲೆಯನ್ನು ಕಂಡವರೆಲ್ಲರ ಅನುಭವ. ಆದರೆ ಅಭ್ಯಾಸ ಮಾಡಿಸುವುದು ಬೇರೆ, ಅಭ್ಯಾಸಕ್ಕೆ ಪ್ರಮಾಣಪತ್ರವನ್ನು ಕೇಳುವುದು ಬೇರೆ. ಗುರುವು ಮಕ್ಕಳ ಸಾಲಿನಲ್ಲಿ ತಾನೂ ನಿಂತು ನಮಾಜು ಮಾಡಿದರೆ ಅದು ಅಭ್ಯಾಸ. ಮಾಡಿದೆಯಾ, ಚಿತ್ರವನ್ನು ಕಳುಹಿಸು ಎಂದರೆ ಅದು ಲೆಕ್ಕತನಿಖೆ. ಘಜಾಲಿಯು ಹೇಳಿದ ಹೊಗಳಿಕೆಯೂ ಮಗುವನ್ನು ಬಲ್ಲ ನಾಲ್ಕು ಜನರ ಎದುರಿನ ಮಾತು. ಗಾಳಿಗೆ ಹೋಗುವ ಮಾತು. ಅದೇ ಪ್ರಕರಣದಲ್ಲಿ ಅವನು ಮತ್ತೊಂದು ಸೂಕ್ಷ್ಮವನ್ನೂ ಹೇಳಿರುವನು: ಮಗುವು ಒಮ್ಮೆ ತಪ್ಪುಮಾಡಿ ಅದನ್ನು ಮುಚ್ಚಿಟ್ಟರೆ ಹಿರಿಯರು ಕಂಡೂ ಕಾಣದಂತಿರಬೇಕು, ಬಯಲುಮಾಡಿದರೆ ಮಗುವು ನಾಚಿಕೆಯನ್ನು ಕಳೆದುಕೊಳ್ಳುವುದು. ಯಂತ್ರದ ಕಡತಕ್ಕಾದರೋ ಕಂಡೂ ಕಾಣದಂತಿರುವ ವಿದ್ಯೆಯು ತಿಳಿಯದು. ಅದರಲ್ಲಿ ಹೊಗಳಿಕೆಯೂ ಅಳಿಯದು, ಅವಮಾನವೂ ಅಳಿಯದು.

ಪ್ರಮಾಣಪತ್ರದ ಫಲವೇನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 2011ರಲ್ಲಿ ಆ ದೇಶದ ಒಂದು ನಗರದ ಪ್ರಾಥಮಿಕಶಾಲೆಯಲ್ಲಿ, ರಾಷ್ಟ್ರೀಯ ಪರೀಕ್ಷೆಯ ಕಾಲದಲ್ಲಿ ಜಾಣನಾದ ಒಬ್ಬ ಬಾಲಕನಿಗೆ ತನ್ನ ಉತ್ತರಗಳನ್ನು ಸಹಪಾಠಿಗಳಿಗೆ ಕೊಡುವಂತೆ ಉಪಾಧ್ಯಾಯನೇ ಹೇಳಿದನೆಂಬ ದೂರು ಹುಟ್ಟಿತು. ಆ ಬಾಲಕನ ತಾಯಿಯು ಅದನ್ನು ಅಧಿಕಾರಿಗಳ ಗಮನಕ್ಕೆ ತಂದಳು. ನೆರೆಹೊರೆಯವರು ಆಕೆಯನ್ನು ಮೆಚ್ಚಲಿಲ್ಲ. ತಮ್ಮ ಮಕ್ಕಳ ಅಂಕಗಳಿಗೆ ಕಳಂಕ ತಂದಳೆಂದು ಕೋಪಗೊಂಡು ಮನೆಯ ಮುಂದೆ ಗುಂಪುಕೂಡಿದರು. ಆ ಕುಟುಂಬವು ಮನೆಯನ್ನೇ ಬಿಟ್ಟುಹೋಗಬೇಕಾಯಿತು. ಸತ್ಯವಂತರಾಗಿರಿ ಎಂಬ ಪಾಠವನ್ನು ಕೇಳದ ಜನರೇ ಅವರು? ಆ ಪಾಠಕ್ಕಿಂತ ಅಂಕವು ದೊಡ್ಡದೆಂಬ ಮತ್ತೊಂದು ಪಾಠವನ್ನು ವರ್ಷಗಟ್ಟಲೆ ಅವರು ಕಲಿತಿದ್ದರು. ಅಂಕಕ್ಕಾಗಿ ಗಣಿತದಲ್ಲಿ ಮೋಸಮಾಡಲು ಹಿಂಜರಿಯದ ಕಡೆ, ಭಕ್ತಿಗೂ ಅಂಕವನ್ನು ಗೊತ್ತುಮಾಡಿದರೆ ಭಕ್ತಿಯಲ್ಲಿಯೂ ಮೋಸವು ಹುಟ್ಟದಿದ್ದೀತೆ? ಗಣಿತದ ಮೋಸದಿಂದ ಕೆಡುವುದು ಗಣಿತ. ಉಪವಾಸ ಮಾಡದೆ ಮಾಡಿದೆನೆಂದು ಗುರುತುಹಾಕುವ ಮಗುವಿನಲ್ಲಿ ಕೆಡುವುದು, ಮುಂದೆಂದಾದರೂ ಅದನ್ನು ತಿದ್ದಬಹುದಾಗಿದ್ದ ಅಂತಃಸಾಕ್ಷಿಯೇ.

ಇದಕ್ಕೆ ವಿರುದ್ಧವಾದ ಮಾರ್ಗವನ್ನೂ ಆ ದೇಶದವರು ಪ್ರಯೋಗಿಸಿ ನೋಡಿದರು. 2008ರ ಸುಮಾರಿನಿಂದ ಲಂಚನಿರೋಧದ ಕಾರ್ಯದ ಅಂಗವಾಗಿ ಅನೇಕ ಶಾಲೆಗಳಲ್ಲಿ 'ಪ್ರಾಮಾಣಿಕತೆಯ ಅಂಗಡಿ'ಗಳನ್ನು ತೆರೆದರು. ಅಲ್ಲಿ ತಿಂಡಿಯುಂಟು, ಬೆಲೆಯ ಚೀಟಿಯುಂಟು, ಹಣದ ಪೆಟ್ಟಿಗೆಯುಂಟು, ಮಾರುವವನಿಲ್ಲ. ಮಗುವು ತಾನೇ ತಿಂಡಿಯನ್ನು ತೆಗೆದುಕೊಂಡು, ತಾನೇ ಹಣವನ್ನು ಹಾಕಿ, ಚಿಲ್ಲರೆಯನ್ನು ತಾನೇ ತೆಗೆದುಕೊಳ್ಳಬೇಕು. ಇಂಥ ಅಂಗಡಿಗಳಲ್ಲಿ ಬಹಳವು ಹಣ ಸಾಲದೆ ಮುಚ್ಚಿಹೋದವು. ಇದನ್ನು ನೋಡಿ ನಗುವವರುಂಟು. ಆದರೆ ಶೀಲಶಿಕ್ಷಣದ ದೃಷ್ಟಿಯಿಂದ ಆ ನಷ್ಟವು ವ್ಯರ್ಥವೆಂದು ಹೇಳಲಾಗದು. ಸಂಜೆಗೆ ಪೆಟ್ಟಿಗೆಯಲ್ಲಿ ಹಣವು ಕಡಮೆಯಾಯಿತೆಂದು ಗುರುವು ಯಾರ ಹೆಸರನ್ನೂ ಹೇಳದೆ ತರಗತಿಗೆ ತಿಳಿಸಿದರೆ, ಹಾಕದಿದ್ದವನ ಎದೆಯಲ್ಲಿ ಏಳುವ ಅಳುಕಿಗೆ ಸಮನಾದ ಪಾಠವು ಯಾವ ಪುಸ್ತಕದಲ್ಲಿದೆ? ವಿಶ್ವಾಸಕ್ಕೆ ಪಾತ್ರನಾಗದ ಹೊರತು ಯಾರೂ ವಿಶ್ವಾಸಾರ್ಹತೆಯನ್ನು ಕಲಿಯಲಾರನು. 'ಅಮಾನತು' ಎಂಬ ಮಾತು ಕನ್ನಡದಲ್ಲಿಯೂ ಬಳಕೆಯಲ್ಲಿದೆ. ನಂಬಿ ಒಪ್ಪಿಸಿದ ವಸ್ತುವೆಂಬುದೇ ಅದರ ಮೂಲಾರ್ಥ. ಅದನ್ನು ಕಾಪಾಡುವುದು ಇಸ್ಲಾಮಿನ ಮುಖ್ಯ ಸದ್ಗುಣಗಳಲ್ಲೊಂದು. ಒಪ್ಪಿಸುವವರೇ ಇಲ್ಲದಿದ್ದರೆ ಕಾಪಾಡುವುದನ್ನು ಕಲಿಯುವುದೆಂತು?

ಪಾಠವು ಪುಸ್ತಕದಿಂದಿಳಿದು ಕೈಗೆ ಬರುವುದು ಹೇಗೆಂಬುದಕ್ಕೆ ಯೋಗ್ಯಕರ್ತ ನಗರದಲ್ಲಿ 1912ರಲ್ಲಿ 'ಮುಹಮ್ಮದಿಯ' ಎಂಬ ಸಂಸ್ಥೆಯನ್ನು ಸ್ಥಾಪಿಸಿದ ಅಹ್ಮದ್ ದಹ್ಲಾನರ ವಿಷಯವಾಗಿ ಒಂದು ವೃತ್ತಾಂತವನ್ನು ಆ ಸಂಸ್ಥೆಯವರು ಹೇಳುವರು. ಅವರು ಶಿಷ್ಯರಿಗೆ ಖುರ್‌ಆನಿನ 107ನೆಯ ಅಧ್ಯಾಯವನ್ನು ಹೇಳಿಕೊಡುತ್ತಿದ್ದರಂತೆ. ಏಳೇ ವಾಕ್ಯಗಳ ಚಿಕ್ಕ ಅಧ್ಯಾಯವದು. ಅನಾಥನನ್ನು ನೂಕಿ, ಬಡವನ ಅನ್ನಕ್ಕೆ ಪ್ರೇರಿಸದೆ, ಜನರು ನೋಡಲೆಂದು ಪ್ರಾರ್ಥಿಸುವವನ ಪ್ರಾರ್ಥನೆಯು ಪ್ರಾರ್ಥನೆಯೇ ಅಲ್ಲವೆಂಬುದು ಅದರ ಭಾವ. ಮರುದಿನವೂ ಅದೇ ಪಾಠ, ಅದರ ಮರುದಿನವೂ ಅದೇ ಪಾಠ. ಶಿಷ್ಯರು ಬೇಸತ್ತು, ಇದು ಕಂಠಸ್ಥವಾಗಿದೆಯಲ್ಲಾ, ಮುಂದಿನದನ್ನು ಏಕೆ ಹೇಳಿಕೊಡಲೊಲ್ಲಿರೆಂದು ಕೇಳಿದರು. ಕಂಠಸ್ಥವಾದುದು ನಡತೆಗೆ ಬಂದಿದೆಯೇ ಎಂದು ಗುರುಗಳು ತಿರುಗಿ ಕೇಳಿದರು. ಬೀದಿಗೆ ಹೋಗಿ ಬಡವರನ್ನೂ ಅನಾಥರನ್ನೂ ಕರೆತಂದು, ಮೀಯಿಸಿ, ಉಡಿಸಿ, ಉಣ್ಣಿಸಿ ಬನ್ನಿರೆಂದು ಕಳುಹಿಸಿದರು. ಆ ಪಾಠಕ್ಕೆ ಯಾವ ಪ್ರಗತಿಪತ್ರವೂ ಇರಲಿಲ್ಲ. ಅದರಿಂದ ಬೆಳೆದ ಸಂಸ್ಥೆಯು ಇಂದು ಆ ದೇಶದಾದ್ಯಂತ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ಅನಾಥಾಲಯಗಳನ್ನೂ ನಡೆಸುತ್ತಿದೆ.

ಇನ್ನು ಮೊಬೈಲಿನ ಪ್ರಧಾನವ್ಯವಹಾರವಾದ ಮಾತಿನ ವಿಚಾರ. ಈ ಯಂತ್ರದಿಂದ ಆಗುವ ಅನರ್ಥಗಳಲ್ಲಿ ಬಹುಪಾಲು ವಾಗ್ದೋಷಗಳೇ. ಸುಳ್ಳುಸುದ್ದಿ, ಚಾಡಿ, ಅಪಹಾಸ್ಯ, ಪರರ ಗುಟ್ಟನ್ನು ಹುಡುಕುವುದು ಇವೆಲ್ಲವೂ ಹಳೆಯ ಪಾಪಗಳು. ವಾಹನ ಮಾತ್ರ ಹೊಸದು. ಖುರ್‌ಆನಿನ 49ನೆಯ ಅಧ್ಯಾಯವು ಇವನ್ನು ಒಂದೊಂದಾಗಿ ನಿಷೇಧಿಸಿ, ನಂಬಲನರ್ಹನಾದವನು ಸುದ್ದಿಯನ್ನು ತಂದರೆ ಮೊದಲು ವಿಚಾರಿಸಿರೆಂದು ಆಜ್ಞಾಪಿಸುವುದು. ಈ ವಿಚಾರಣೆಗೆ 'ತಬಯ್ಯುನ್' ಎಂದು ಹೆಸರು. ಕೇಳಿದುದೆಲ್ಲವನ್ನೂ ಆಡಿಬಿಡುವುದೇ ಸುಳ್ಳುಗಾರನೆನಿಸುವುದಕ್ಕೆ ಸಾಕೆಂಬ ಹದೀಸೂ ಉಂಟು. ಇಂಡೊನೇಷ್ಯದ ಉಲೇಮಾ ಪರಿಷತ್ತು ಇವುಗಳನ್ನು ಆಧರಿಸಿಯೇ 2017ರಲ್ಲಿ ಸಾಮಾಜಿಕ ಜಾಲತಾಣಗಳ ವ್ಯವಹಾರದ ವಿಷಯವಾಗಿ ಒಂದು ಫತ್ವಾವನ್ನು ಹೊರಡಿಸಿ, ಪರನಿಂದೆಯನ್ನೂ ಸುಳ್ಳುಸುದ್ದಿಯನ್ನೂ ದ್ವೇಷವನ್ನೂ ಅವುಗಳ ಮೂಲಕ ಹರಡುವುದು ನಿಷಿದ್ಧವೆಂದು ಸಾರಿತು.

ಆದರೆ ನಿಷೇಧವನ್ನು ಸಾರಿದರೆ ಸಾಲದು, ವಿಚಾರಿಸುವ ವಿದ್ಯೆಯನ್ನು ಕಲಿಸಬೇಕು. ಆ ವಿದ್ಯೆಯು ಇಸ್ಲಾಮಿನ ಭಂಡಾರದಲ್ಲಿಯೇ ಇದೆ. 870ರಲ್ಲಿ ತೀರಿಕೊಂಡ ಬುಖಾರಿ ಮೊದಲಾದ ಸಂಗ್ರಹಕಾರರು ಒಂದು ಹದೀಸನ್ನು ಸ್ವೀಕರಿಸುವ ಮುನ್ನ, ಇದನ್ನು ಹೇಳಿದವರಾರು, ಅವರು ಯಾರಿಂದ ಕೇಳಿದರು, ಇಬ್ಬರೂ ಒಂದೇ ಕಾಲದವರೇ, ಸತ್ಯವಂತರೇ, ಜ್ಞಾಪಕಶಕ್ತಿಯುಳ್ಳವರೇ ಎಂದು ಕೊಂಡಿಕೊಂಡಿಯಾಗಿ ಶೋಧಿಸಿದರು. ಈ ಸರಪಣಿಗೆ 'ಇಸ್ನಾದ್' ಎಂದು ಹೆಸರು. ಆಪ್ತನ ವಾಕ್ಯವು ಮಾತ್ರವೇ ಶಬ್ದಪ್ರಮಾಣವೆಂದು ಹೇಳುವ ನೈಯಾಯಿಕರಿಗೆ ಇದು ಅಪರಿಚಿತವಾದ ವಿವೇಕವಲ್ಲ. ಹನ್ನೆರಡು ವರ್ಷದ ವಿದ್ಯಾರ್ಥಿಯು ತನ್ನ ಮೊಬೈಲಿಗೆ ಬಂದ ಒಂದು ಸುದ್ದಿಯನ್ನು ಗುರುವಿನ ಮುಂದಿಟ್ಟು, ಇದರ ಇಸ್ನಾದವೆಲ್ಲಿ ಎಂದು ಹುಡುಕತೊಡಗಲಿ. ಮೂರು ಕೊಂಡಿ ಹಿಂದಕ್ಕೆ ಹೋಗುವಷ್ಟರಲ್ಲಿ ಸರಪಣಿಯು ಕಡಿದುಹೋದರೆ ಅವನಿಗೆ ತಾನಾಗಿ ಬೆರಳು ತಡೆಯುವುದು. ಆಗ ಮತವೂ ಕಲಿತಂತಾಯಿತು, ವಿವೇಕವೂ ಕಲಿತಂತಾಯಿತು. ಎರಡನ್ನೂ ಸೇರಿಸುವುದೆಂದರೆ ಇದು.

ಇಲ್ಲಿ ಮತ್ತೊಂದು ಶಂಕೆಯು ಏಳುವುದು. ಒಂದು ಮತದ ಸದ್ಗುಣಗಳು ಶಾಲೆಯನ್ನೆಲ್ಲ ವ್ಯಾಪಿಸಿದರೆ, ಅದೇ ಬೆಂಚಿನ ಮೇಲೆ ಕುಳಿತಿರುವ ಅನ್ಯಮತದ ಮಗುವಿನ ಗತಿಯೇನು? 2021ರ ಜನವರಿಯಲ್ಲಿ ಸುಮಾತ್ರದ ಪಡಾಂಗ್ ನಗರದ ಒಂದು ಸರ್ಕಾರಿ ಶಾಲೆಯಲ್ಲಿ ಕ್ರೈಸ್ತ ಬಾಲಿಕೆಗೂ ತಲೆವಸ್ತ್ರವನ್ನು ಧರಿಸುವಂತೆ ಹೇಳಿದ ಸಂಗತಿಯು ದೇಶದಲ್ಲೆಲ್ಲ ಚರ್ಚೆಯನ್ನೆಬ್ಬಿಸಿತು. ಮತೀಯವಾದ ಉಡುಪನ್ನು ಸರ್ಕಾರಿ ಶಾಲೆಗಳು ಬಲಾತ್ಕರಿಸಲೂ ಕೂಡದು, ನಿಷೇಧಿಸಲೂ ಕೂಡದು ಎಂದು ಮೂವರು ಮಂತ್ರಿಗಳು ಫೆಬ್ರವರಿಯಲ್ಲಿ ಜಂಟಿಯಾಗಿ ಆಜ್ಞೆಮಾಡಿದರು; ಸರ್ವೋಚ್ಚ ನ್ಯಾಯಾಲಯವು ಮೇ ತಿಂಗಳಿನಲ್ಲಿ ಆ ಆಜ್ಞೆಯನ್ನು ರದ್ದುಪಡಿಸಿತು. ನ್ಯಾಯಾಲಯಗಳ ಮಾತು ಹೇಗೇ ಇರಲಿ, ನೀತಿಯ ಮಾತು ಸ್ಪಷ್ಟವಾಗಿದೆ. ಗುಣವನ್ನು ಬಿಟ್ಟು ಗುರುತನ್ನು ಹಿಡಿದಾಗಲೇ ಈ ಕಲಹವು ಹುಟ್ಟುವುದು. ಪರನಿಂದೆ ಮಾಡಬೇಡ, ಒಪ್ಪಿಸಿದುದನ್ನು ಕಾಪಾಡು, ಸುದ್ದಿಯನ್ನು ಶೋಧಿಸು ಎಂಬ ವಿಧಿಗಳಿಂದ ಯಾವ ಮತದ ಮಗುವಿಗೆ ತಾನೆ ನೋವಾದೀತು? ಹಿಂದೂ ಮಗುವು ಅವನ್ನು ತನ್ನ ಧರ್ಮದ ಮಾತಿನಲ್ಲಿ ಕೇಳಬಹುದು, ಕ್ರೈಸ್ತ ಮಗುವು ತನ್ನ ಮಾತಿನಲ್ಲಿ. ಆಚಾರವು ಅವರವರ ಮನೆಗೆ ಸೇರಿದ್ದು. ಗುಣವು ಶಾಲೆಯ ಅಂಗಳಕ್ಕೆ ಸೇರಿದ್ದು. ಅಲ್ಲದೆ ಹೊರಗಿನ ಗುರುತನ್ನೇ ಶೀಲವೆಂದು ಎಣಿಸಿದರೆ ಮುಸಲ್ಮಾನ ಮಗುವಿಗೂ ಹಾನಿಯೇ. ಪ್ರದರ್ಶನವೇ ಸಾಕೆಂಬ ಪಾಠವನ್ನು ಮೊಬೈಲು ಅದಕ್ಕೆ ಆಗಲೇ ಕಲಿಸುತ್ತಿದೆ. ಶಾಲೆಯೂ ಅದನ್ನೇ ಅನುಮೋದಿಸಬೇಕೆ?

ಕಡೆಗೆ ಭಾರವೆಲ್ಲವೂ ಗುರುವಿನ ಮೇಲೆ ಬಂದು ನಿಲ್ಲುವುದು. 1922ರಲ್ಲಿ ಯೋಗ್ಯಕರ್ತದಲ್ಲಿ 'ತಮನ್ ಸಿಸ್ವ' ಎಂಬ ವಿದ್ಯಾಸಂಸ್ಥೆಯನ್ನು ಕಟ್ಟಿದ ಕಿ ಹಜರ್ ದೇವಾಂತರರು ಗುರುವಿಗೆ ಮೂರು ಸ್ಥಾನಗಳನ್ನು ಹೇಳಿದರು: ಮುಂದೆ ನಿಂತಾಗ ಮಾದರಿಯಾಗಬೇಕು, ನಡುವೆ ನಿಂತಾಗ ಉತ್ಸಾಹವನ್ನು ಹುಟ್ಟಿಸಬೇಕು, ಹಿಂದೆ ನಿಂತಾಗ ಬಲವನ್ನು ಕೊಡಬೇಕು. ಕಣ್ಣಿಟ್ಟು ಕಾಯುವ ನಾಲ್ಕನೆಯ ಸ್ಥಾನವೊಂದನ್ನು ಅವರು ಹೇಳಲಿಲ್ಲ. ಉಪಾಧ್ಯಾಯನೇ ಶೋಧಿಸದ ಸುದ್ದಿಯನ್ನು ಹತ್ತು ಜನರಿಗೆ ಕಳುಹಿಸುತ್ತ, ಶಾಲೆಯ ಮಕ್ಕಳು ಅನಾಥನಿಗೆ ಅನ್ನವಿಕ್ಕಿದ ಚಿತ್ರವನ್ನು ಅನಾಥನ ಮುಖಸಹಿತವಾಗಿ ಲೋಕಕ್ಕೆ ತೋರಿಸುತ್ತ ಇದ್ದರೆ, ರಿಯಾ ಪಾಪವೆಂಬ ಪಾಠದ ಗಂಟೆಯು ವ್ಯರ್ಥವಾದಂತೆಯೇ ಸರಿ. ಮಕ್ಕಳು ಪಾಠವನ್ನು ಕಿವಿಯಿಂದ ಕೇಳುವರು, ಗುರುವನ್ನು ಕಣ್ಣಿನಿಂದ ಓದುವರು.

ಆದಕಾರಣ ಶಾಲೆಯು ಮಾಡತಕ್ಕದ್ದು ಇಷ್ಟು: ಅಭ್ಯಾಸವನ್ನು ಮಾಡಿಸಲಿ, ಅದಕ್ಕೆ ಅಂಕವನ್ನು ಕೊಡದಿರಲಿ. ನಂಬಿ ಒಪ್ಪಿಸಲಿ, ಒಪ್ಪಿಸಿದುದು ನಷ್ಟವಾದರೆ ಮತ್ತೊಮ್ಮೆ ಒಪ್ಪಿಸಲಿ. ಮಾತನ್ನು ಶೋಧಿಸುವುದನ್ನು ಕಲಿಸಲಿ. ಮಿಕ್ಕುದನ್ನು ಮಗುವಿಗೂ ಅದರ ದೇವರಿಗೂ ಬಿಟ್ಟು ಕಣ್ಣನ್ನು ಬೇರೆ ಕಡೆಗೆ ತಿರುಗಿಸಲಿ. ಹಾಗೆ ತಿರುಗಿಸುವುದಕ್ಕೆ ಧೈರ್ಯ ಬೇಕು. ಮಗುವು ತಪ್ಪಬಹುದೆಂಬ ಭಯವು ಎಲ್ಲ ಹಿರಿಯರಿಗೂ ಉಂಟು. ಆದರೆ ತಪ್ಪಲು ಅವಕಾಶವೇ ಇಲ್ಲದ ಕಡೆ ಮಗುವು ತಪ್ಪದೆ ಉಳಿದರೆ, ಅದನ್ನು ಕಾವಲಿನ ಗುಣವೆನ್ನಬೇಕಲ್ಲದೆ ಮಗುವಿನ ಗುಣವೆನ್ನಲಾಗದು. ಕಾವಲು ಎಂದಿದ್ದರೂ ಒಂದು ದಿನ ಮುಗಿಯತಕ್ಕದ್ದು. ಮಗುವು ಬೆಳೆದು, ಮೊಬೈಲಿನ ಎದುರಿಗೆ ಒಂಟಿಯಾಗಿ ಕುಳಿತುಕೊಳ್ಳುವ ದಿನವು ಬಂದೇ ಬರುವುದು.